ಇನ್ನೊಂದು ಟೇಕ್

ಸಿನಿಮಾಗಳಿಗೆ ದನಿ ಕೊಡುತ್ತಲೇ ಅವಳ ಕೂದಲು ನರೆತಿತ್ತು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೊಂದು ಜೀವವಿರಲಿಲ್ಲ.

ಈ ಸಲ ಒಂದು ಥ್ರಿಲ್ಲರ್ ಚಿತ್ರ. ಮನುಷ್ಯರು ಒಂಟಿತನವನ್ನು ಎಷ್ಟು ತಾಳುತ್ತಾರೆಂದು ನೋಡಲು ಮನೋವೈದ್ಯನೊಬ್ಬ ಹೆಂಗಸೊಬ್ಬಳನ್ನು ಕತ್ತಲೆಕೋಣೆಯಲ್ಲಿ ಕೂಡಿಹಾಕುತ್ತಾನೆ. ಆಮೇಲೆ ಅವನೇ ಸತ್ತುಹೋಗುತ್ತಾನೆ.

ಪರದೆಯ ಮೇಲೆ ಆ ಹೆಂಗಸು ಬಾಗಿಲು ಬಡಿದಳು. ಇವಳು ಮೈಕಿನ ಮುಂದೆ ಜೀವ ಹೋಗುವಂತೆ ಕೂಗಿದಳು: "ಯಾರಾದ್ರೂ ಇದ್ದೀರಾ?"

ಅಳು ಒತ್ತರಿಸಿ ಬಂತು. ಗಾಜಿನಾಚೆಯ ಸೌಂಡ್ ಎಂಜಿನಿಯರ್ ಗಾಬರಿಯಾದ.

"ಅಕ್ಕಾ, ನಾನಿದ್ದೀನಿ, ಇಲ್ಲೇ ಇದ್ದೀನಿ," ಎಂದ ಹೆಡ್‌ಫೋನಿನಲ್ಲಿ. "ಟೇಕ್ ಓಕೆ ಆಯ್ತು. ಮನೆಗೆ ಹೋಗಿ ಸುಧಾರಿಸ್ಕೊಳ್ಳಿ."

ಅವಳು ಕಣ್ಣೊರೆಸಿಕೊಂಡಳು.

"ಇನ್ನೊಂದ್ಸಲ ತಗೊಳ್ಳೋಣ್ವಾ?"

"ಯಾಕಕ್ಕಾ, ಚೆನ್ನಾಗೇ ಬಂತಲ್ಲ?"

"ಇರ್ಲಿ, ಸುಮ್ನೆ."

ಅವನು ಮತ್ತೆ ದೃಶ್ಯ ಹಾಕಿದ. ಅವಳು ಕೂಗಿ, ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕಾದಳು.