ಜೋಡುಮನೆಯ ಚಿಮಣಿ, ಅವ್ವನ ಹಾಡಿನ ವಹಿ

ಬರ್ಕ್ಲಿಯಲ್ಲಿ ನಾವು ಕೊಂಡದ್ದು ಹಳೆಯ ಜೋಡುಮನೆಯೊಂದರ ಎಡಗಡೆಯ ಅರ್ಧ. ಬಲಗಡೆಯ ಅರ್ಧದಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಒಬ್ಬರೇ ಇದ್ದರು. ಎರಡಕ್ಕೂ ನಡುವೆ ಒಂದೇ ಗೋಡೆ. ಆ ಗೋಡೆಯ ನಡುವಿನಿಂದ ಎದ್ದು ಸೂರು ದಾಟಿ ನಿಂತ ಒಂದೇ ಇಟ್ಟಿಗೆಯ ಚಿಮಣಿ. ಅವರ ಫೈರ್‌ಪ್ಲೇಸಿಗೆ ಬೆನ್ನು ಹಚ್ಚಿಕೊಂಡು ನಮ್ಮದಿತ್ತು. ಚಳಿಗಾಲದ ಸಂಜೆ ಅವರು ಕಟ್ಟಿಗೆ ಉರಿಸುತ್ತಿದ್ದರು. ನಾವು ಒಮ್ಮೆಯೂ ಉರಿಸಲಿಲ್ಲ. ಅವರ ಬೆಂಕಿಗೇ ನಮ್ಮ ಕಡೆಯ ಇಟ್ಟಿಗೆ ಕೈಗೆ ಹಿತವಾಗುವಷ್ಟು ಕಾಯುತ್ತಿತ್ತು.

ಮನೆ ಕೊಂಡ ಮೂರನೇ ವರ್ಷ ಅಕ್ಟೋಬರಿನಲ್ಲಿ ಅವ್ವ ಹುಬ್ಬಳ್ಳಿಯಿಂದ ಬಂದಳು, ಆರು ತಿಂಗಳು ಇರಲಿಕ್ಕೆ. ಬಂದ ಮರುದಿನವೇ ಫೈರ್‌ಪ್ಲೇಸಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಳಗೆಲ್ಲ ಕೈಯಾಡಿಸಿ ನೋಡಿದಳು. "ದೇವರ ಗೂಡು ಇದ್ಧಂಗ ಅದ. ಇಷ್ಟ ಛಲೋ ಜಾಗಾ ಖಾಲಿ ಬಿಟ್ಟೀರಲ್ಲ?" ಅಂದಳು. ಎರಡು ದಿನ ಉಜ್ಜಿ ತೊಳೆದು, ಮಣೆ ಹಾಕಿ, ಅದರ ಮೇಲೆ ದೇವರನ್ನು ಕೂರಿಸಿದಳು. ಪಕ್ಕದಲ್ಲಿ ತನ್ನ ಹಾಡಿನ ವಹಿ. ಆರತಿ ಹಾಡು, ತೊಟ್ಟಿಲ ಹಾಡು, ಬೀಗರ ಹಾಡು ಎಲ್ಲ ಬರೆದಿಟ್ಟ ದಪ್ಪ ನೋಟ್‌ಬುಕ್ಕು ಅದು. ಅರ್ಧ ಅವ್ವನ ಕೈಬರಹ, ಇನ್ನರ್ಧ ಅವಳ ನೆಗೆಣ್ಣಿಯದು, ಅಂದರೆ ನನ್ನ ದೊಡ್ಡವ್ವನದು. ಒಂದೇ ಅಡಿಗೆಮನೆಯಲ್ಲಿ ಇಪ್ಪತ್ತು ವರ್ಷ ಕಳೆದ ಇಬ್ಬರು ಮಧ್ಯಾಹ್ನದ ಹೊತ್ತು ಸರದಿಯ ಮೇಲೆ ಬರೆದದ್ದು. ದೊಡ್ಡವ್ವ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು.

ಚಿಮಣಿಯ ಸುತ್ತ ಸೋರುವುದು ಅದರ ಹಿಂದಿನ ಚಳಿಗಾಲದಿಂದಲೇ ಶುರುವಾಗಿತ್ತು. ಮೊದಲು ಹಾಲ್‌ನ ಸೀಲಿಂಗಿನ ಮೇಲೆ ಚಹಾ ಚೆಲ್ಲಿದಂಥ ಕಲೆ, ಆಮೇಲೆ ಹನಿ. ಸೂರಿನ ಕೆಲಸದವನನ್ನು ಕರೆಸಿದೆ. ಅವನು ಮೇಲೆ ಹತ್ತಿ ನೋಡಿ, ಚಿಮಣಿಯ ಬುಡದ ಸುತ್ತ ಹೊದಿಸಿದ ತಗಡು ತುಕ್ಕು ತಿಂದಿದೆ, ಒಂದು ಬದಿ ಮಾತ್ರ ಬಿಚ್ಚಿದರೆ ಉಪಯೋಗವಿಲ್ಲ, ಎರಡೂ ಮನೆಯವರು ಕೂಡಿ ಮಾಡಿಸಬೇಕು ಅಂದ. ಪಕ್ಕದವರಿಗೆ ಹೇಳಿದರೆ, ನಮ್ಮ ಬದಿಯದನ್ನು ಆಗಲೇ ರಿಪೇರಿ ಮಾಡಿಸಿದ್ದೇನೆ, ನೀರು ಬರುತ್ತಿರುವುದು ನಿಮ್ಮ ಕಡೆಯಿಂದ ಅಂತ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟರು. ನನಗೆ ಸಿಟ್ಟು ಬಂತು. ಆಫೀಸಿನಲ್ಲಿ ಕೂತು ಅವರಿಗೆ ಒಂದು ಇಮೇಲು ಬರೆದೆ. ಕೆಲಸ ತಡಮಾಡಿದ ಸಪ್ಲೈಯರಿಗೆ ಬರೆಯುವ ಭಾಷೆಯಲ್ಲಿ, ಒಂದು, ಎರಡು, ಮೂರು ಅಂತ ಅಂಶ ಹಾಕಿ. ಅವರು ಉತ್ತರ ಬರೆಯಲಿಲ್ಲ. ನಮ್ಮ ಬದಿಗಷ್ಟೇ ಡಾಂಬರು ಬಳಿಸಿ ಸುಮ್ಮನಾದೆವು. ಆಮೇಲೆ ಕಸದ ಡಬ್ಬಿ ಹೊರಗಿಡುವಾಗ ಎದುರಾದರೆ ಒಂದು ಹಾಯ್, ಅಷ್ಟೆ.

ಎಂಟು ವರ್ಷದ ಮಗಳು ಮಾತ್ರ ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ ಅವರ ಮನೆಗೆ ಹೋಗಿಬರುತ್ತಿದ್ದಳು.

ಜನವರಿಯಲ್ಲಿ ಮಳೆ ಹಿಡಿಯಿತು. ಮೂರು ದಿನ ಬಿಡದೆ ಸುರಿಯಿತು. ಶನಿವಾರ ಬೆಳಿಗ್ಗೆ ಅವ್ವ ದೀಪ ಹಚ್ಚಲು ಹೋದಾಗ ಗೂಡಿನೊಳಗೆ ಕಪ್ಪು ನೀರು ನಿಂತಿತ್ತು. ಮಸಿಯ ಜೊತೆ ಇಟ್ಟಿಗೆಯ ಸಂದಿನಿಂದ ಇಳಿದದ್ದು. ದೇವರನ್ನು ಎತ್ತಿ ಒರೆಸಿದರೆ ಮುಗಿಯಿತು. ವಹಿ ಮಾತ್ರ ಹೀರಿಕೊಂಡು ಊದಿತ್ತು. ಅಂಚಿನಿಂದ ನೀಲಿ ಶಾಯಿ ಇಳಿಯುತ್ತಿತ್ತು. ಅವ್ವ ಅದನ್ನು ಸೆರಗಿನಲ್ಲಿ ಹಿಡಿದುಕೊಂಡು ಸೋಫಾದ ಮೇಲೆ ಕೂತುಬಿಟ್ಟಳು. ಹಾಡೆಲ್ಲ ನಿನಗೆ ಬಾಯಿಪಾಠ ಇವೆಯಲ್ಲ, ಮತ್ತೆ ಬರೆಯೋಣ ಅಂತ ನಾನು ಸಮಾಧಾನ ಹೇಳಹೋದೆ.

"ಹಾಡು ಬಾಯಾಗ ಅದಾವ," ಅಂದಳು. "ಅಕ್ಕನ ಅಕ್ಷರಾ ಎಲ್ಲಿಂದ ತರ್ಲಿ?"

ನಾನು ಹೇರ್ ಡ್ರೈಯರು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಮಗಳು ಚಪ್ಪಲಿಯೂ ಇಲ್ಲದೆ ಪಕ್ಕದ ಮನೆಗೆ ಓಡಿ ಅವರನ್ನು ಕೈಹಿಡಿದು ಕರೆತಂದಿದ್ದಳು. "ಅಜ್ಜಿ, ಶೀ ಫಿಕ್ಸಸ್ ಬುಕ್ಸ್," ಅಂದಳು. ಕ್ಯಾಂಪಸ್ಸಿನ ಲೈಬ್ರರಿಯಲ್ಲಿ ಹರಿದ, ನೆನೆದ ಪುಸ್ತಕಗಳನ್ನು ಸರಿಮಾಡುವುದೇ ಮೂವತ್ತು ವರ್ಷ ಅವರ ಕೆಲಸವಾಗಿತ್ತಂತೆ. ಪಕ್ಕದಲ್ಲೇ ಮೂರು ವರ್ಷವಿದ್ದು ನನಗೆ ಅದು ಗೊತ್ತಿರಲಿಲ್ಲ.

ಅವರು ಮೊದಲು ಡ್ರೈಯರನ್ನು ನನ್ನ ಕೈಯಿಂದ ತೆಗೆದು ದೂರವಿಟ್ಟರು. ಪುಟ ಬಿಡಿಸಬೇಡಿ ಅಂದರು. ವಹಿಯನ್ನು ಮೇಣದ ಕಾಗದದಲ್ಲಿ ಸುತ್ತಿ, ಫ್ರೀಜರಿನಲ್ಲಿ ಇಡಬೇಕು, ಶಾಯಿ ಹರಡುವುದು ನಿಲ್ಲುತ್ತದೆ ಅಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅವ್ವ ನನ್ನ ಮುಖ, ಅವರ ಮುಖ ನೋಡಿ, ಕೊನೆಗೆ ವಹಿಯನ್ನು ಅವರ ಕೈಗೆ ಕೊಟ್ಟಳು. ಬಟಾಣಿಯ ಪೊಟ್ಟಣಗಳನ್ನು ಸರಿಸಿ ನಾನು ಜಾಗ ಮಾಡಿದೆ.

ಹೋಗುವ ಮುಂಚೆ ಅವರು ಟಾರ್ಚು ಕೇಳಿದರು. ನೆಲದ ಮೇಲೆ ಮಂಡಿಯೂರಿ ನಮ್ಮ ಫೈರ್‌ಪ್ಲೇಸಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ನೀರು ಹಿಂದಿನ ಇಟ್ಟಿಗೆಗಳಿಂದ, ಅಂದರೆ ಅವರ ಬದಿಯಿಂದ, ಒಸರುತ್ತಿತ್ತು. ಎದ್ದು ಮಂಡಿ ಒರೆಸಿಕೊಂಡು, "ರಿಪೇರಿ ಮಾಡಿಸಿದ್ದೇನೆ ಅಂದಿದ್ದೆನಲ್ಲ, ಅದು ಹನ್ನೆರಡು ವರ್ಷದ ಹಿಂದಿನ ಮಾತು," ಅಂದರು. "ಈಗ ಯಾರನ್ನಾದರೂ ಮೇಲೆ ಹತ್ತಿಸಿದರೆ ಚಿಮಣಿಯನ್ನೇ ಕೆಡವಿಬಿಡಿ ಅನ್ನುತ್ತಾರೆ ಅಂತ ಹೆದರಿಕೊಂಡೆ. ಸಂಜೆ ಆ ಬೆಂಕಿಯ ಮುಂದೆ ಕೂತರೇ ನನಗೆ ದಿನ ಮುಗಿಯುವುದು."

ಆ ಇಮೇಲು ಬರೆದದ್ದಕ್ಕೆ ನನಗೆ ನಾಚಿಕೆಯಿದೆ ಅಂತ ನಾನೂ ಹೇಳಿದೆ. ಅದನ್ನು ಪೂರ್ತಿ ಓದಲಿಲ್ಲ, ಎರಡನೇ ಅಂಶಕ್ಕೇ ನಿಲ್ಲಿಸಿದೆ ಅಂದರು.

ಆಮೇಲಿನ ಎರಡು ವಾರ ನನಗೆ ಈಗಲೂ ನೆನಪಾಗುತ್ತವೆ. ಮಧ್ಯಾಹ್ನ ಮೂರಕ್ಕೆ ಅವರು ಬರುತ್ತಿದ್ದರು. ನಾನು ಫಾಸ್ಟರ್ ಸಿಟಿಯ ಆಫೀಸಿಗೆ ಹೋಗದೆ ಮನೆಯಿಂದ ಕೆಲಸ ಮಾಡುವ ದಿನ ನೋಡಿದ್ದು ಇದು. ಊಟದ ಮೇಜಿನ ಮೇಲೆ ಬಿಳಿ ಒತ್ತುಕಾಗದ ಹರಡಿ, ಫ್ರೀಜರಿನಿಂದ ತೆಗೆದ ವಹಿಯನ್ನು ನಿಧಾನದ ಬೆರಳಿನಲ್ಲಿ ಒಂದೊಂದೇ ಹಾಳೆಯಾಗಿ ಬಿಡಿಸುತ್ತಿದ್ದರು. ಬಿಡಿಸಿದ ಹಾಳೆಯ ಮೇಲೆ ಅವ್ವ ಬಗ್ಗಿ, ಉಳಿದ ನಾಲ್ಕು ಅಕ್ಷರದಿಂದ ಹಾಡು ಯಾವುದೆಂದು ಹಿಡಿದು, ಪೂರ್ತಿ ಹಾಡುತ್ತಿದ್ದಳು. ಅವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಅಳಿಸಿಹೋದ ಸಾಲನ್ನು ನಾನು ಪೆನ್ಸಿಲ್ಲಿನಲ್ಲಿ ತುಂಬುತ್ತಿದ್ದೆ. ದೊಡ್ಡವ್ವನ ಮಸುಕು ಅಕ್ಷರಗಳ ಮೇಲೆ ತಿದ್ದಲು ಹೋದರೆ ಅವ್ವ ಬಿಡಲಿಲ್ಲ. ಕಂಡಷ್ಟು ಕಾಣಲಿ, ಅದರ ಪಕ್ಕದಲ್ಲಿ ಬರಿ ಅಂದಳು. ಕೆಲಸ ಮುಗಿದ ಮೇಲೆ ಚಹಾ, ಅವಲಕ್ಕಿ. ಅವ್ವ ಅವರನ್ನು ಅಕ್ಕಾರ ಅಂತ ಕರೆಯುತ್ತಿದ್ದಳು. ಅದು ತನ್ನ ಹೆಸರಿನ ಕನ್ನಡ ರೂಪವೇ ಇರಬೇಕೆಂದು ಅವರು ಬಹಳ ದಿನ ತಿಳಿದಿದ್ದರು.

ಫೆಬ್ರುವರಿಯಲ್ಲಿ ಒಂದು ವಾರ ಬಿಸಿಲು ಬಿತ್ತು. ಎರಡೂ ಮನೆಯವರು ಸೇರಿ ಕೆಲಸದವರನ್ನು ಕರೆಸಿದೆವು. ಕೆಡವುವ ಮಾತು ಬರಲಿಲ್ಲ. ಚಿಮಣಿಯ ನೆತ್ತಿಯ ಮೇಲಿನ ಸಿಮೆಂಟು ನಟ್ಟನಡುವೆ ಬಿರುಕು ಬಿಟ್ಟಿತ್ತು. ಅದನ್ನು ಒಡೆದು ಹೊಸದಾಗಿ ಹಾಕಿದರು, ಎರಡೂ ಬದಿಯ ತಗಡು ಬದಲಿಸಿದರು, ಇಟ್ಟಿಗೆಯ ಸಂದು ತುಂಬಿದರು. ಅವ್ವ ಮತ್ತು ಅವರು ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ಕತ್ತು ಎತ್ತಿ, ಎರಡು ದಿನವೂ ಮೇಲ್ವಿಚಾರಣೆ ನಡೆಸಿದರು. ಮುಂದಿನ ಮಳೆ ರಾತ್ರಿಯಿಡೀ ಸುರಿಯಿತು. ಬೆಳಿಗ್ಗೆ, ಒಂದು ಹನಿಯೂ ಬಂದಿಲ್ಲ ಅಂತ, ಗೋಡೆಯನ್ನು ಆ ಕಡೆಯಿಂದ ಅವರು ಎರಡು ಸಲ ತಟ್ಟಿದರು. ನಮ್ಮ ಕಡೆಯೂ ಒಣಗಿಯೇ ಇತ್ತು, ಅವ್ವ ಎರಡು ಸಲ ತಟ್ಟಿದಳು.

ಏಪ್ರಿಲಿನಲ್ಲಿ ಅವ್ವ ಊರಿಗೆ ಹೊರಟಾಗ ಅವರು ವಹಿಗೆ ಕೆಂಪು ಬಟ್ಟೆಯ ರಟ್ಟು ಹಾಕಿ ಕೊಟ್ಟರು. ಹಾಳೆಗಳು ಸುಕ್ಕಾಗಿ ಅದು ಮೊದಲಿನ ಎರಡರಷ್ಟು ದಪ್ಪವಾಗಿತ್ತು. ಕೈಚೀಲದಲ್ಲಿ ಬೇರೆ ಏನೂ ಹಿಡಿಸಲಿಲ್ಲ.

ಹೋದ ವರ್ಷ ಅವರು ಮನೆ ಮಾರಿ ಮಾರ್ಗನ್ ಹಿಲ್‌ನಲ್ಲಿರುವ ಮಗನ ಮನೆಯ ಹತ್ತಿರ ಹೋದರು. ಕಳೆದ ತಿಂಗಳು ನೋಡಲು ಹೋದೆವು. ಸಂಜೆ, ಹುಬ್ಬಳ್ಳಿಯಲ್ಲಿ ಅವ್ವ ಎದ್ದಿರುವ ಹೊತ್ತು ನೋಡಿ ವಿಡಿಯೋ ಕಾಲ್ ಮಾಡಿಕೊಟ್ಟೆ. "ಅಕ್ಕಾರ, ಆರಾಮ ಇದ್ದೀರಿ?" ಅಂದಳು ಅವ್ವ. ಅವರು ಇಂಗ್ಲಿಷಿನಲ್ಲಿ ಮೊಣಕಾಲಿನ ಆಪರೇಷನ್ನಿನ ಕತೆ ಶುರುಮಾಡಿದರು, ಅವ್ವ ಕನ್ನಡದಲ್ಲಿ ತನ್ನ ಸೊಂಟದ್ದು. ಮಗಳು ಸ್ವಲ್ಪ ಹೊತ್ತು ಅನುವಾದ ಮಾಡಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಗೊತ್ತಾಗಿ ಬಿಟ್ಟಳು. ನಾವಿಬ್ಬರೂ ಅವರ ಅಂಗಳಕ್ಕೆ ಹೋಗಿ ನಿಂಬೆಹಣ್ಣು ಕಿತ್ತೆವು. ಒಳಗೆ ಮಾತು ನಡೆದೇ ಇತ್ತು.