ಹೊಲಿದವಳೇ ಓದದ ಸಾಲು

ಡೇರೆ ಹೊಲಿಯುವ ಕಾರ್ಖಾನೆಯಲ್ಲಿ ಅವಳದು ಹನ್ನೊಂದು ವರ್ಷದ ಸರ್ವೀಸು. ದಪ್ಪ ಬಟ್ಟೆಯ ನಾಲ್ಕು ಪದರವನ್ನು ಸೂಜಿ ಮುರಿಯದೆ ಹೊಲಿಯಬಲ್ಲವಳು ಆ ಸಾಲಿನಲ್ಲಿ ಅವಳೊಬ್ಬಳೇ. ಸೂಪರ್‌ವೈಸರನಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ‘ಡೇರೆ ಅಕ್ಕ’. ಆ ಹೆಸರು ಅವಳಿಗೆ ಸ್ವಲ್ಪ ತಲೆಗೇರಿತ್ತು ಅಂದರೂ ತಪ್ಪಲ್ಲ.

ಬಟ್ಟೆಗೆ ಕಲೆ ಬಿದ್ದು ಮಾರಾಟಕ್ಕೆ ಬಾರದ ಒಂದು ಡೇರೆಯನ್ನು ಕಾರ್ಖಾನೆಯವರು ಅವಳಿಗೇ ಕೊಟ್ಟರು. ಭಾನುವಾರ ಗಂಡ, ನಾದಿನಿಯ ಜೊತೆ ಕೆರೆ ದಂಡೆಗೆ ಹೋಗಿ ಡೇರೆ ಹಾಕಿದಳು. ಗಂಡ ಗಾಳ ಹಿಡಿದು ಆಚೆ ದಡಕ್ಕೆ ಹೋದ. ಮಧ್ಯಾಹ್ನ ಮಳೆ ಜಿನುಗತೊಡಗಿತು. ಗಾಳಿ ಮೈ ಕೊರೆಯತೊಡಗಿತು. ಅವಳು ಚಿಕ್ಕ ಗ್ಯಾಸ್ ಸ್ಟೌ ಒಳಗೆ ತಂದು ಹಚ್ಚಿ, ಚಹಾಕ್ಕಿಟ್ಟಳು. ಮೇಲಿನ ಎರಡೂ ಗಾಳಿಕಿಂಡಿಗಳಿಗೆ ಟವೆಲು ತುರುಕಿದಳು.

“ಅತ್ತಿಗೆ, ಇಲ್ಲೇನೋ ಕೆಂಪಕ್ಷರದಲ್ಲಿ ಬರೆದಿದೆ ನೋಡಿ,” ಎಂದಳು ನಾದಿನಿ, ಮೂಲೆಯ ಲೇಬಲ್ ಹಿಡಿದು.

“ಒಗೆಯೋದು ಹೇಗೆ ಅಂತ ಇರುತ್ತೆ ಕಣೇ. ದಿನಕ್ಕೆ ನಲವತ್ತು ಹೊಲೀತೀನಿ, ನಂಗೇ ಹೇಳ್ಕೊಡ್ತೀಯಾ?”

ನಾದಿನಿ ಲೇಬಲ್ ಕೈಬಿಟ್ಟಳು. ಚಹಾ ಕುಡಿದು, ತಲೆ ಯಾಕೋ ಭಾರ ಎಂದು ಅಲ್ಲೇ ಮಲಗಿದಳು. ಬೆಚ್ಚಗಿರಲಿ ಎಂದು ಡೇರೆ ಅಕ್ಕ ಸ್ಟೌ ಸಣ್ಣಗೆ ಉರಿಯಲು ಬಿಟ್ಟು, ಜಿಪ್ ಎಳೆದು, ಲೋಟ ತೊಳೆಯಲು ನಲ್ಲಿ ಹುಡುಕಿಕೊಂಡು ಹೊರಟಳು. ನಲ್ಲಿ ಹತ್ತಿರದಲ್ಲಿರಲಿಲ್ಲ. ಅವಳು ಮರಳುವಷ್ಟರಲ್ಲಿ, ಆಚೆ ದಡದಿಂದ ವಾಪಸು ಬಂದಿದ್ದ ಗಂಡ ತಂಗಿಯನ್ನು ಹೊರಗೆಳೆದು, ಹುಲ್ಲಿನ ಮೇಲೆ ಮಲಗಿಸಿ, ಕೆನ್ನೆ ತಟ್ಟಿ ಕೂಗುತ್ತಿದ್ದ. ನಾದಿನಿಗೆ ಪ್ರಜ್ಞೆ ಇರಲಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಜೀವ ಉಳಿಯಿತು. “ಮುಚ್ಚಿದ ಜಾಗದಲ್ಲಿ ಸ್ಟೌ ಉರಿದ್ರೆ ವಿಷಗಾಳಿ ತುಂಬ್ಕೊಳ್ಳುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳೋದೇ ಇಲ್ಲ. ಕಿಂಡಿ ಮುಚ್ಚಿದ್ಯಾರು?” ಎಂದು ಕೇಳಿದರು ಡಾಕ್ಟರಮ್ಮ. ನಾದಿನಿಯ ಗಂಡನೂ ಓಡಿಬಂದು ಅಲ್ಲೇ ನಿಂತಿದ್ದ.

“ನಾನು ಹೊರಗಿದ್ದೆ. ಚಳಿ ಅಂತ ಅವಳೇ ಮುಚ್ಕೊಂಡ್ಲೇನೋ,” ಎಂದುಬಿಟ್ಟಳು ಡೇರೆ ಅಕ್ಕ.

ಮಾತು ಬಾಯಿಂದ ಬಿದ್ದದ್ದೇ ತಡ, ಹಾಸಿಗೆಯಲ್ಲಿದ್ದ ನಾದಿನಿ ಕಣ್ಣು ತೆರೆದು ಅವಳನ್ನೊಮ್ಮೆ ನೋಡಿದಳು. ಮತ್ತೆ ಕಣ್ಣು ಮುಚ್ಚಿದಳು.

ಮರುದಿನ ಕಾರ್ಖಾನೆಯಲ್ಲಿ ಲೇಬಲ್ ಕಟ್ಟು ಮುಂದೆ ಬಂತು. ಹೊಲಿಯುವಾಗ ಅಕ್ಷರ ಸದಾ ಕೆಳಮುಖ. ಹೊಲಿದು ಮಡಚಿ ಪಕ್ಕಕ್ಕೆ ತಳ್ಳುವುದಷ್ಟೇ ಅವಳ ಕೆಲಸ. ಈ ಸಲ ಮಗುಚಿ ಓದಿದಳು: ‘ಒಳಗೆ ಸ್ಟೌ ಹಚ್ಚಬೇಡಿ. ಗಾಳಿಕಿಂಡಿ ಮುಚ್ಚಬೇಡಿ. ಜೀವಕ್ಕೆ ಅಪಾಯ.’ ಅವಳ ಕಿವಿ ಬಿಸಿಯಾಯಿತು. ಯಾರೂ ನೋಡುತ್ತಿಲ್ಲ ಎಂದು ಗೊತ್ತಿದ್ದೂ ಸೆರಗಿನಿಂದ ಮುಖ ಒರೆಸಿಕೊಂಡಳು.

ಹೇಳಲು ಧೈರ್ಯ ಬರಬೇಕಾದರೆ ಒಂದು ವಾರ ಹಿಡಿಯಿತು. ನಾದಿನಿಯ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿಂದ ಅವಳ ಗಂಡನ ದನಿ ಕೇಳಿತು: “ಕಿಟಕಿ ತೆಗೆದಿದೀಯಾ? ನಿನ್ನ ಬುದ್ಧಿ ನಂಬೋ ಹಾಗಿಲ್ಲ.”

ಡೇರೆ ಅಕ್ಕ ಕೂರಲೂ ಇಲ್ಲ. “ಕಿಂಡಿ ಮುಚ್ಚಿದ್ದು ನಾನು. ಸ್ಟೌ ಬಿಟ್ಟು ಹೋದವಳೂ ನಾನೇ. ಡಾಕ್ಟರ ಹತ್ರ ಸುಳ್ಳು ಹೇಳ್ದೆ. ಇವಳು ಲೇಬಲ್ ತೋರಿಸಕ್ಕೆ ಬಂದ್ರೆ ಬಾಯಿ ಮುಚ್ಚಿಸ್ದೆ.”

ಅವನ ಮುಖ ಇಳಿದುಹೋಯಿತು. “ವಾರದಿಂದ ಇವಳಿಗೆ ಬಾಯಿಗೆ ಬಂದ ಹಾಗೆ ಅಂದಿದೀನಲ್ಲಕ್ಕಾ,” ಎಂದು ಎದ್ದು ಹಿತ್ತಲಿಗೆ ಹೋದ.

“ನೀನ್ಯಾಕೆ ಹೇಳ್ಲಿಲ್ಲ ಕಣೇ?” ಎಂದಳು ಡೇರೆ ಅಕ್ಕ.

“ನೀವಾಗೇ ಹೇಳ್ತೀರಿ ಅಂತ ಕಾಯ್ತಿದ್ದೆ, ಅತ್ತಿಗೆ.” ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಡೇರೆ ಅಕ್ಕ ಸೂಪರ್‌ವೈಸರನನ್ನು ಕಾಡಿ, ಲೇಬಲನ್ನು ಬಾಗಿಲ ಜಿಪ್ಪಿನ ಪಕ್ಕಕ್ಕೆ ಹಾಕಿಸಿದಳು. “ಭಲೇ, ಒಳ್ಳೇ ತಲೆ ನಿನ್ನದು!” ಎಂದು ಅವನು ಎಲ್ಲರೆದುರು ಹೊಗಳಿದ. ನಡೆದದ್ದನ್ನು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೆಷಿನ್ನುಗಳು ಶುರುವಾದವು, ಅವಳು ತಲೆ ತಗ್ಗಿಸಿ ಕೂತಳು.