ಕೆಂಚಕ್ಕ ಮುರಿದ ವೀಳ್ಯ

ಈರಬಸಪ್ಪ ಮೇಷ್ಟ್ರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಇದನ್ನು ಮುಂಚೆಯೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮಾತನ್ನು ತೂಗಿ ನೋಡುವ ಕಷ್ಟ ತೆಗೆದುಕೊಳ್ಳುವುದು ಬೇಡ. ಹಿರಿಯೂರಿನಲ್ಲಿ ನನ್ನದು ನಾಟಕದ ಡ್ರೆಸ್ಸುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಹೊಸದುರ್ಗ, ಹೊಳಲ್ಕೆರೆ ಕಡೆ ಯಾವ ಹಳ್ಳಿಯಲ್ಲಿ ನಾಟಕವಾದರೂ ನನ್ನ ಪೆಟ್ಟಿಗೆ ಹೋಗುತ್ತಿತ್ತು, ಪೆಟ್ಟಿಗೆಯ ಹಿಂದೆ ನಾನೂ ಹೋಗುತ್ತಿದ್ದೆ. ಹಾಗಾಗಿ ಹಾರ್ಮೋನಿಯಂ ಮುಂದೆ ಮೀಸೆ ತಿರುವಿಕೊಂಡು ಕೂರುತ್ತಿದ್ದ ಈ ಮಹಾನುಭಾವರನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಕಡಿಮೆ.

ಹಳ್ಳಿಯ ನಾಟಕದಲ್ಲಿ ಊರ ಗಂಡಸರೇ ರಾಜರು, ಮಂತ್ರಿಗಳು. ಸ್ತ್ರೀ ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿ ಬರಬೇಕು. ಅವಳನ್ನು ಗೊತ್ತು ಮಾಡಲು ಊರಿನ ಹಿರಿಯರು ಎಲೆ ಅಡಿಕೆಯ ಮೇಲೆ ಮುಂಗಡ ಇಟ್ಟು, ತಮ್ಮ ಊರ ದೇವರ ಹೆಸರು ಹೇಳಿ ಕೊಡುತ್ತಾರೆ. ಅದಕ್ಕೆ ವೀಳ್ಯ ಎನ್ನುತ್ತಾರೆ. ವೀಳ್ಯ ಹಿಡಿದ ಮೇಲೆ ಮನೆಯಲ್ಲಿ ಹೆಣ ಬಿದ್ದಿದ್ದರೂ ಹೋಗಿ ಬಣ್ಣ ಹಚ್ಚಲೇಬೇಕು. ಆದರೆ ನಟಿಯ ಪರವಾಗಿ ಅದನ್ನು ಹಿಡಿಯುತ್ತಿದ್ದವರು ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವ ಮೇಷ್ಟ್ರುಗಳು. ಅವಳು ಯಾವ ಊರಿಗೆ ಹೋಗಬೇಕು, ಎಲ್ಲಿ ಮಲಗಬೇಕು, ಅವಳ ಕೈಗೆ ಏನು ಉಳಿಯಬೇಕು, ಎಲ್ಲವೂ ಅವರ ಮರ್ಜಿ.

ಕೆಂಚಕ್ಕ ಹೀಗೆ ಈರಬಸಪ್ಪನ ಕೈಕೆಳಗೆ ವರ್ಷಗಟ್ಟಲೆ ದುಡಿದ ನಟಿ. ಹೊಸದುರ್ಗದ ಕಡೆಯವಳು, ಎತ್ತರದ ಆಳು, ತುಂಬಿದ ಗಂಟಲು. ಬಾಯಿ ಮಾತ್ರ ಹಸಿ ಮೆಣಸಿನಕಾಯಿ. ಅವಳು ಯಾರ ಜೊತೆಗಾದರೂ ನಯವಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ, ನನ್ನ ಜೊತೆಗಂತೂ ಇಲ್ಲವೇ ಇಲ್ಲ. ಒಂದು ಸಲ ಈರಬಸಪ್ಪ ಒಂದೇ ದಿನಕ್ಕೆ ಎರಡು ಊರಿನ ವೀಳ್ಯ ಹಿಡಿದುಬಿಟ್ಟ. ಅವಳು ಹೋಗದೆ ಉಳಿದ ಊರಿನವರು ಹೊಳಲ್ಕೆರೆ ಸಂತೆಯಲ್ಲಿ ಅವಳನ್ನು ಅಡ್ಡಗಟ್ಟಿ, ದೇವರಿಗೆ ಮಾತು ಕೊಟ್ಟು ತಪ್ಪಿದವಳು ಅಂತ ಮುಖಕ್ಕೆ ಉಗಿದರು. ಈರಬಸಪ್ಪ ಎದುರಿನ ಹೋಟೆಲಿನಲ್ಲೇ ಕುಳಿತಿದ್ದ. ನೋಡಿಯೂ ಏಳಲಿಲ್ಲ, ಕಾಫಿ ಆರಿಸಿಕೊಂಡು ಕುಡಿದ.

ಅಂದಿನಿಂದ ಕೆಂಚಕ್ಕ ತನ್ನ ವೀಳ್ಯವನ್ನು ತಾನೇ ಹಿಡಿಯತೊಡಗಿದಳು. ಮೇಷ್ಟ್ರುಗಳಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅವಳನ್ನು ಕರೆಯಬೇಡಿ ಎಂದು ಊರೂರಿಗೆ ಹೇಳಿ ಬಂದರು. ಜನಕ್ಕೆ ಅವಳ ಹಾಡು ಬೇಕಿತ್ತು, ಕರೆದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವಳ ಬದುಕು ಹೇಗೋ ನಡೆಯುತ್ತಿತ್ತು. ಆದರೆ ಎಪ್ಪತ್ತಮೂರರಲ್ಲಿ ಹಿರಿಯೂರಿನ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮನೆ ಹಿಡಿದು, ಬಡವರ ಮನೆಯ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಪಾಠ ಶುರು ಮಾಡಿದಳು. ಬೆಳಿಗ್ಗೆ ಹಾಡು, ಮಾತು, ಅಭಿನಯ. ಮಧ್ಯಾಹ್ನ ಬೇರೆ ಪಾಠ, ಈ ಸೀಮೆಯಲ್ಲಿ ಯಾರೂ ಹೇಳಿಕೊಡದ ಪಾಠ. ವೀಳ್ಯ ಹಿಡಿಯುವ ಮುಂಚೆ ಏನೇನು ಕೇಳಬೇಕು, ಉಳಿಯುವ ಮನೆ ಯಾರದು, ಬಣ್ಣದ ಮನೆಗೆ ಕುಡಿದವರು ಬಂದರೆ ಯಾರು ಹೊಣೆ, ವಾಪಸು ಕಳಿಸುವವರು ಯಾರು. ಎಲ್ಲಕ್ಕೂ ಉತ್ತರ ಬಂದ ಮೇಲೆ ಸೆರಗೊಡ್ಡದೆ, ಅಂಗೈ ಚಾಚಿ ಹಿಡಿಯಬೇಕು. ಹಿಡಿದ ಮೇಲೆ ಹಿಡಿದ ಕೈಯೇ ಹೋಗಬೇಕು, ಬದಲಿಗೆ ಯಾರನ್ನೂ ಕಳಿಸುವಂತಿಲ್ಲ.

ಪಾಠಕ್ಕೆ ನಿಜವಾದ ಎಲೆ ಅಡಿಕೆಯನ್ನೇ ತರಿಸುತ್ತಿದ್ದಳು. ಗೌಡನ ಪಾತ್ರಕ್ಕೆ ದಾರಿಯಲ್ಲಿ ಹೋಗುವ ದೊಡ್ಡ ಮನುಷ್ಯರನ್ನು ಯಾರನ್ನಾದರೂ ಕರೆದು ಜಗಲಿಯ ಮೇಲೆ ಕೂರಿಸುತ್ತಿದ್ದಳು. ಗಂಡಸಿನ ಎದುರು ನಿಂತು ಕೇಳಿ ಅಭ್ಯಾಸವಾಗಲಿ ಎಂದು. ನನ್ನನ್ನೂ ಎಷ್ಟೋ ಸಲ ಕೂರಿಸಿದ್ದಾಳೆ.

ಅವಳ ಶಿಷ್ಯೆಯರಲ್ಲಿ ಚುರುಕಾದವಳು ದುರುಗಿ. ಬಬ್ಬೂರಿನ ಫಾರಂನಲ್ಲಿ ಕೂಲಿ ಮಾಡುವವಳ ಮಗಳು, ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಎಪ್ಪತ್ತಾರರಲ್ಲಿ ಮೈಸೂರಿನ ಒಂದು ಕಾಲೇಜಿನವರು ರಂಗಕಲೆಯ ಹೊಸ ಕೋರ್ಸು ತೆರೆಯುತ್ತೇವೆಂದು ಪೇಪರಿನಲ್ಲಿ ಹಾಕಿದರು. ನಟನೆಯಷ್ಟೇ ಅಲ್ಲ, ಮಂಡಳಿ ಕಟ್ಟುವುದು, ಪ್ರದರ್ಶನ ಗೊತ್ತು ಮಾಡುವುದು, ಕರಾರು ಮಾಡಿಕೊಳ್ಳುವುದೂ ಅಲ್ಲಿ ಪಾಠವಂತೆ. ಪಾಸಾದವರಿಗೆ ಮೇಷ್ಟ್ರ ಕೆಲಸವೂ ಸಿಗಬಹುದಂತೆ. ಓದಿ ಹೇಳಿದವನು ನಾನೇ. ಕೆಂಚಕ್ಕ ನನ್ನ ಕೈಯಿಂದ ಪೇಪರು ಕಿತ್ತುಕೊಂಡಳು.

“ನಾನು ಉಗಿಸ್ಕಂಡು ಕಲ್ತಿದ್ದನ್ನ ಬೆಂಚಿನ ಮ್ಯಾಲೆ ಕುಂಡ್ರಿಸಿ ಕಲಿಸ್ತಾರಂತೇನು? ಹಂಗಾದ್ರೆ ದುರುಗಿ ಹೋಗ್ಬೇಕು” ಅಂದಳು.

ಸಂದರ್ಶನಕ್ಕೆ ಕರೆ ಬಂತು, ಸೋಮವಾರ ಬೆಳಿಗ್ಗೆ ಮೈಸೂರಿನಲ್ಲಿರಬೇಕು. ಅಂದು ಹೋಗದಿದ್ದರೆ ಸೀಟು ಇನ್ನೊಬ್ಬರ ಪಾಲು. ಕೆಂಚಕ್ಕ ಬೀದಿಗೆಲ್ಲ ಹೇಳಿಕೊಂಡು ತಿರುಗಿದಳು. ಬೀದಿಗೆ ಗೊತ್ತಾದದ್ದು ಈರಬಸಪ್ಪನಿಗೆ ಗೊತ್ತಾಗದೆ ಇರುತ್ತದೆಯೇ?

ಅದೇ ವಾರ ಹೊಳಲ್ಕೆರೆ ಕಡೆಯ ಒಂದು ಹಳ್ಳಿಯ ಗೌಡ ಪಂಚಾಕ್ಷರಪ್ಪ ಅನ್ನುವವನು ಇಬ್ಬರನ್ನು ಕಟ್ಟಿಕೊಂಡು ಅವಳ ಮನೆಯ ಮುಂದೆ ಸುಳಿದ. ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಪಾಠ ನಡೆದಿತ್ತು, ನಾನೂ ಅಲ್ಲಿದ್ದೆ. ಅವನು ನಿಜವಾದ ಗೌಡನೆಂದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಕೆಂಚಕ್ಕ ಎಂದಿನಂತೆ, ಬರ್ರಿ, ಒಂದೀಟು ಗೌಡ್ರಾಗಿ ಕುಂತ್ಕಳ್ರಿ ಅಂದಳು. ಅವನು ನಗುತ್ತ ಕುಳಿತ. ಅವಳ ತಟ್ಟೆಯ ಎಲೆ ಮುಟ್ಟದೆ ತನ್ನ ಜೇಬಿನಿಂದಲೇ ಎಲೆ, ಅಡಿಕೆ, ನೋಟು ತೆಗೆದ. ಬರುವ ಸೋಮವಾರದ ನಾಟಕ ಅಂದ. ದುರುಗಿ ಒಂದೊಂದೇ ಪ್ರಶ್ನೆ ಕೇಳಿದಳು, ಅವನು ತಡವರಿಸದೆ ಉತ್ತರ ಕೊಟ್ಟ. ಕೊನೆಗೆ ತನ್ನ ಊರ ಅಮ್ಮನ ಹೆಸರು ಹೇಳಿ ಎಲೆ ಚಾಚಿದ. ಪಾಠದಲ್ಲಿ ಯಾರೂ ದೇವರ ಹೆಸರು ಹೇಳುತ್ತಿರಲಿಲ್ಲ. ಎಷ್ಟು ಚೆನ್ನಾಗಿ ಮಾಡ್ತಾರೆ ಈ ಗೌಡ್ರು ಅಂತ ಹುಡುಗಿಯರು ಕಿಸಕ್ಕೆಂದರು. ದುರುಗಿ ಅಂಗೈ ಚಾಚಿ ಹಿಡಿದಳು.

ಪಂಚಾಕ್ಷರಪ್ಪ ಎದ್ದು ಪಂಚೆ ಕೊಡವಿದ. ಸೋಮವಾರ ಹುಡುಗೀನ ಕಳಿಸ್ರಿ, ಸ್ಟೇಜು ಕಟ್ಟಿ ಆಗೈತೆ ಅಂದ. ಕೆಂಚಕ್ಕ ನಕ್ಕಳು. ಅವನು ನಗಲಿಲ್ಲ.

ಅವಳು ಬೇಡಿಕೊಂಡಳು. ಕೆಂಚಕ್ಕ ಬೇಡಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದಿನ ಮುಂದಕ್ಕೆ ಹಾಕಿ ಅಂದಳು, ತಾನೇ ಬಂದು ಬಿಟ್ಟಿ ಪಾತ್ರ ಮಾಡುತ್ತೇನೆ ಅಂದಳು. ಎಲೆ ಹಿಡಿದ ಕೈಯೇ ಬರಬೇಕು ಅಂತ ನೀನೇ ತಾನೇ ಈ ಮಕ್ಕಳಿಗೆ ಕಲಿಸೋದು ಅಂತ ಅವನು ತಿರುಗಿ ಕೇಳಿದ. ಈ ಮಾತನ್ನು ಅವನ ಬಾಯಿಗೆ ಹಾಕಿ ಕಳಿಸಿದವನು ಯಾರು ಎಂದು ಯೋಚಿಸಬೇಕಾಗಿರಲಿಲ್ಲ. ಆ ಊರಿನ ನಾಟಕಕ್ಕೆ ಹಾರ್ಮೋನಿಯಂ ಈರಬಸಪ್ಪನದೇ. ಹುಡುಗಿ ಆ ಊರಿಗೆ ಹೋದರೆ ಸೀಟು ಹೋಯಿತು. ಹೋಗದಿದ್ದರೆ ಅವಳೂ ಮಾತು ತಪ್ಪಿದವಳು, ಅವಳನ್ನು ತಯಾರು ಮಾಡಿದ ಶಾಲೆಯೂ ಮುಳುಗಿತು. ಎಂಥ ನೀಚ ಬುದ್ಧಿ ಅದು! ಇವತ್ತಿಗೂ ನೆನೆಸಿಕೊಂಡರೆ ನನ್ನ ಮೈ ಉರಿಯುತ್ತದೆ.

ಹೆದರಿ ಅಳುತ್ತ ಕೂತಿದ್ದ ದುರುಗಿಗೆ, ಗೌಡರು ಒಪ್ಪಿದರು, ನಿನ್ನ ನಾಟಕ ಮುಂದಿನ ತಿಂಗಳು ಅಂತ ಕೆಂಚಕ್ಕ ಮಾರನೆಯ ದಿನ ಸುಳ್ಳು ಹೇಳಿದಳು. ಶನಿವಾರವೇ ತಾಯಿಯ ಜೊತೆ ಮೈಸೂರಿನ ಬಸ್ಸು ಹತ್ತಿಸಿದಳು. ಸೋಮವಾರ ಮಧ್ಯಾಹ್ನ ನನ್ನ ಡ್ರೆಸ್ಸಿನ ಪೆಟ್ಟಿಗೆಯ ಜೊತೆ ಅವಳೂ ಆ ಊರಿಗೆ ಹೊರಟಳು. 

ಗುಡಿಯ ಮುಂದೆ ಊರೇ ಸೇರಿತ್ತು. ಈರಬಸಪ್ಪ ಸ್ಟೇಜಿನ ಮೇಲೆ ಶ್ರುತಿ ನೋಡಿಕೊಳ್ಳುತ್ತಿದ್ದ. ಕೆಂಚಕ್ಕ ಸೆರಗಿನ ಗಂಟು ಬಿಚ್ಚಿ, ಬಾಡಿದ ಎಲೆ, ಅಡಿಕೆ, ನೋಟು ತೆಗೆದು ಪಂಚಾಕ್ಷರಪ್ಪನ ಕಾಲ ಮುಂದೆ ನೆಲದ ಮೇಲಿಟ್ಟಳು.  ವೀಳ್ಯವನ್ನು ಹಿಂದಕ್ಕೆ ಕೊಟ್ಟವರನ್ನು ಅಲ್ಲಿಯವರೆಗೆ ಅಲ್ಲಿ ಯಾರೂ ಕಂಡಿರಲಿಲ್ಲ.

“ಹುಡುಗಿ ತಪ್ಪಿಲ್ಲ. ಆಕಿ ಬರಾಕೆ ರೆಡಿ ಇದ್ಲು, ನಾನು ಸುಳ್ಳು ಹೇಳಿ ಬ್ಯಾರೆ ಕಡೆ ಕಳ್ಸೀನಿ. ವೀಳ್ಯ ಮುರಿದೋಳು ನಾನು. ಅಮ್ಮ ಕೇಳೋದಿದ್ರೆ ನನ್ನ ಕೇಳ್ಲಿ, ಊರು ಉಗಿಯೋದಿದ್ರೆ ನನಗೆ ಉಗೀರಿ” ಅಂದಳು.

ಉಗಿದರು. ಒಬ್ಬ ಮಣ್ಣು ತೂರಿದ. ಈ ಹೆಂಗಸನ್ನು ಇನ್ನು ಯಾವ ಊರೂ ಕರೆಯಕೂಡದು ಎಂದು ಹಿರಿಯರು ಅಲ್ಲೇ ತೀರ್ಮಾನ ಮಾಡಿದರು. ಈರಬಸಪ್ಪ ಈ ಸಲವೂ ಕುಳಿತಲ್ಲಿಂದ ಏಳಲಿಲ್ಲ. ನಾನು ನನ್ನ ಪೆಟ್ಟಿಗೆ ಇಳಿಸದೆ ವಾಪಸು ತಂದೆ. ಅದರಿಂದ ನನಗಾದ ನಷ್ಟದ ಬಗ್ಗೆ ಚಿಂತೆಯಿಲ್ಲ.

ದುರುಗಿಗೆ ಸೀಟು ಸಿಕ್ಕಿತು. ಇಲ್ಲಿ ಕೆಂಚಕ್ಕನಿಗೆ ಆ ಮೇಲೆ ಒಂದೂ ವೀಳ್ಯ ಬರಲಿಲ್ಲ. ಹುಡುಗಿಯರನ್ನು ತಾಯಂದಿರು ಬಿಡಿಸಿಕೊಂಡು ಹೋದರು. ಅವಳು ಅದೇ ಜಗಲಿಯ ಮೇಲೆ ಮೆಣಸಿನಕಾಯಿ ಬಜ್ಜಿ ಕರಿಯುತ್ತ ಕುಳಿತಳು, ಬಜ್ಜಿ ತಿನ್ನಲು ಬಂದವರನ್ನೂ ಬೈಯುತ್ತಿದ್ದಳು. ರಜಕ್ಕೆ ಬಂದ ದುರುಗಿಗೆ ವಿಷಯ ಗೊತ್ತಾಗಿ ಕಾಲೇಜು ಬಿಡುತ್ತೇನೆಂದಾಗ, ಸೌಟು ಎತ್ತಿ ಅಟ್ಟಿಸಿಕೊಂಡು ಹೋದಳಂತೆ.

ಎಪ್ಪತ್ತೆಂಟರಲ್ಲಿ ಚಿತ್ರದುರ್ಗದಲ್ಲಿ ಹೊಸದಾಗಿ ಒಂದು ನಾಟಕ ತರಬೇತಿ ಕೇಂದ್ರ ಶುರುವಾಯಿತು. ಕೋರ್ಸು ಮುಗಿಸಿ ಬಂದ ದುರುಗಿಗೆ ಅಲ್ಲಿ ಶಿಕ್ಷಕಿಯ ಕೆಲಸವಾಯಿತು. ಮಂಡಳಿ ನಡೆಸುವ ಪಾಠಕ್ಕೆ ಕೆಂಚಕ್ಕನನ್ನೇ ಕರೆಸಬೇಕೆಂದು ಅವಳು ಸಮಿತಿಯ ಮುಂದೆ ಹೇಳಿದಳು. ಹಿರಿಯ ಕಲಾವಿದರು ಎಂದು ಆ ಸಮಿತಿಯಲ್ಲಿ ಹಾರ ಹಾಕಿಸಿಕೊಂಡು ಕುಳಿತಿದ್ದವನು ಈರಬಸಪ್ಪ. ದೇವರ ವೀಳ್ಯ ಮುರಿದವಳು ಮಕ್ಕಳಿಗೆ ಏನು ಕಲಿಸುತ್ತಾಳೆ ಅಂದ. ಉಳಿದವರು ಹೌದೆಂದು ತಲೆಯಾಡಿಸಿದರು.

ದುರುಗಿ ಅವತ್ತೇ ಹಿರಿಯೂರಿಗೆ ಬಂದಳು. ನಾನು ಬಜ್ಜಿ ತಿನ್ನುತ್ತ ಅಲ್ಲೇ ಇದ್ದೆ. ಅವಳು, ಈರಬಸಪ್ಪ ಕುಳಿತಿರುವ ಕಡೆ ನಾನು ಕೆಲಸ ಮಾಡುವುದಿಲ್ಲ, ನಾಳೆಯೇ ರಾಜೀನಾಮೆ ಕೊಡುತ್ತೇನೆ, ನಿನ್ನ ಜೊತೆಗೇ ಇರುತ್ತೇನೆ ಅಂತ ಅತ್ತಳು. ನನಗೂ ಅದೇ ಸರಿ ಅನಿಸಿತು.

ಕೆಂಚಕ್ಕ ಒಲೆಯ ಉರಿ ತಗ್ಗಿಸಿದಳು.

“ಲೇ, ನನ್ನ ಜೊತಿಗಿದ್ದು ಬಜ್ಜಿ ಕರೀತಿಯೇನು? ನಾನು ವೀಳ್ಯ ಮುರಿದಿದ್ದು ನೀನು ಕುಂತಿದೀಯಲ್ಲ, ಆ ಕುರ್ಚಿಗೆ. ಅದನ್ನ ಬಿಟ್ಟು ಬಂದ್ರೆ ನಾನು ಯಾತಕ್ಕೆ ಮುರಿದೆ ಹೇಳು. ಹೋಗು. ಅವನು ಸಾಯೋ ತನಕ ಅವನ ಎದುರಿಗೆ ಕುಂತ್ಕಂಡು ಪಾಠ ಮಾಡು.”

ದುರುಗಿ ಕಣ್ಣೊರೆಸಿಕೊಂಡು ಎದ್ದಳು. ಸಂಜೆಯ ಬಸ್ಸಿಗೆ ಚಿತ್ರದುರ್ಗಕ್ಕೆ ವಾಪಸು ಹೋದಳು.